ಹಿಂದೆ ಬಿದ್ದ ಬಿಳಿ ಎಳೆ

ಐವತ್ತೊಂದು ವರ್ಷ ತಮ್ಮ ಸ್ವಂತ ಹೆಸರಿನಲ್ಲೇ ಬದುಕಿದ್ದ ಡಾ. ಸಂಗಮೇಶ ಯಾದವಾಡರಿಗೆ, ಹಿನ್ನೀರು ಜ್ವರ ಹರಡಿದ ಮೂರನೆಯ ವರ್ಷದಲ್ಲಿ ಹೊಸ ಹೆಸರೊಂದು ಅಂಟಿಕೊಂಡಿತು. ಬಾಗಲಕೋಟೆಯ ನವನಗರದಲ್ಲಿ ಅವರು ಹಾಲು ತರಲು ಹೋಗಲಿ, ಕ್ಷೌರಕ್ಕೆ ಕೂರಲಿ, ಜನ ಪಕ್ಕದವರ ಕಿವಿಗೆ ಬಾಯಿಟ್ಟು ಹೇಳುತ್ತಿದ್ದರು: “ಇವ್ರ ನೋಡ್ರಿ, ಮಹಾನಂದಾ ಮೇಡಂ ಅವ್ರ ಮನಿಯವ್ರು.” ಸಂಗಮೇಶರು ನಗುತ್ತಿದ್ದರು. ಆ ನಗುವಿಗೆ ಎಷ್ಟು ಬಲ ಹಾಕಬೇಕಾಗುತ್ತಿತ್ತು ಎಂಬುದು ಅವರ ದವಡೆಗೆ ಮಾತ್ರ ಗೊತ್ತಿತ್ತು.

ಯಂತ್ರ ಕಟ್ಟಿದವರು ಅವರು. ಒಂದೆರಡಲ್ಲ, ಹದಿನಾಲ್ಕು ವರ್ಷ ಕೂತು ಕಟ್ಟಿದ್ದು. ಅದಕ್ಕೆ ಉರಿಗನ್ನಡಿ ಎಂದು ಹೆಸರಿಟ್ಟವರೂ ಅವರೇ.

ಹಿನ್ನೀರು ಜ್ವರದಲ್ಲಿ ಜನ ಸಾಯುತ್ತಿದ್ದದ್ದು ಕ್ರಿಮಿಯಿಂದಲ್ಲ ಎಂಬುದು ಮೊದಲ ವರ್ಷವೇ ವೈದ್ಯರಿಗೆ ಗೊತ್ತಾಗಿತ್ತು. ಕೆಸರಿನಿಂದ ಬಂದ ಆ ಕ್ರಿಮಿ ನಾಲ್ಕನೆಯ ದಿನಕ್ಕೆ ಅರ್ಧ ಸತ್ತಿರುತ್ತಿತ್ತು. ರೋಗಿ ಕೆಡುತ್ತಿದ್ದದ್ದು ಐದನೆಯ ದಿನ. ಸೋಂಕು ತಗುಲಿದ ಕೂಡಲೇ ದೇಹದ ಕಾವಲು ಕಣಗಳು ರಕ್ತದಲ್ಲಿ ರಾಸಾಯನಿಕ ಸುದ್ದಿ ಬಿಡುತ್ತವೆ: ಶತ್ರು ಬಂದಿದ್ದಾನೆ, ಬನ್ನಿ. ಸುದ್ದಿ ಮುಟ್ಟಿದ ಕಣಗಳು ಓಡಿ ಬಂದು ತಾವೂ ಅದೇ ಸುದ್ದಿ ಬಿಡುತ್ತವೆ. ಕೆಲಸ ಮುಗಿಯುತ್ತ ಬಂದಾಗ ‘ಸಾಕು, ನಿಲ್ಲಿಸಿ’ ಎನ್ನುವ ಇನ್ನೊಂದು ಸುದ್ದಿ ಹೊರಡಬೇಕು. ಅದು ತಡವಾಯಿತೋ, ಒಂದರ ಕೂಗಿಗೆ ಇನ್ನೊಂದು ಕೂಗಿ, ಅದರ ಕೂಗಿಗೆ ಮೊದಲನೆಯದು ಮತ್ತೂ ಜೋರಾಗಿ ಕೂಗಿ, ಶತ್ರು ಸತ್ತು ಬಿದ್ದಿದ್ದರೂ ಯಾರಿಗೂ ಲಕ್ಷ್ಯವಿರುವುದಿಲ್ಲ. ರಕ್ತನಾಳಗಳು ಸೋರುತ್ತವೆ, ಶ್ವಾಸಕೋಶದಲ್ಲಿ ನೀರು ತುಂಬುತ್ತದೆ, ಸಣ್ಣ ನಾಳಗಳಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಮನೆ ಕಾಯಲು ಇಟ್ಟವರೇ ಮನೆಗೆ ಬೆಂಕಿ ಹಚ್ಚಿದಂತೆ.

ಉರಿಗನ್ನಡಿ ಆ ಸುದ್ದಿಗಳನ್ನು ಕದ್ದು ಕೇಳುವ ಯಂತ್ರ. ರೋಗಿಯ ತೋಳಿಗೆ ಅಂಗೈಯಗಲದ ಪಟ್ಟಿ ಅಂಟಿಸಿದರೆ ಸಾಕು, ಎರಡು ನಿಮಿಷಕ್ಕೊಮ್ಮೆ ರಕ್ತದಲ್ಲಿನ ಇಪ್ಪತ್ತನಾಲ್ಕು ಸುದ್ದಿಗಳನ್ನು ಅಳೆದು ನಿಯಂತ್ರಣ ಕೋಣೆಯ ಪರದೆಯ ಮೇಲೆ ಒಂದೊಂದಕ್ಕೆ ಒಂದೊಂದು ಬಣ್ಣದ ಎಳೆ ಬಿಡಿಸುತ್ತಿತ್ತು. ಕೂಗಿ ಕರೆಯುವ ಎಳೆಗಳು ಹಳದಿ ಮತ್ತು ಕೆಂಪು. ನಿಲ್ಲಿಸಿ ಎನ್ನುವುದು ಬಿಳಿ. ಹಳದಿ ಎಳೆ ಒಂದು ಗೆರೆ ದಾಟಿದರೆ ಗಂಟೆ ಬಾರಿಸುತ್ತದೆ, ತಡೆಮದ್ದು ಕೊಡಬೇಕು. ಆ ಮದ್ದು ಕಾವಲು ಕಣಗಳ ಬಾಯಿ ಕಟ್ಟುತ್ತದೆ. ಬೇಗ ಕೊಟ್ಟರೆ ಕ್ರಿಮಿಗೆ ಹಬ್ಬ, ತಡವಾದರೆ ರೋಗಿ ಇಲ್ಲ. ಹಾಗಾಗಿ ಎರಡು ಹೆಬ್ಬೆಟ್ಟು ಬೀಳದೆ ಮದ್ದಿನ ಪಂಪು ತಿರುಗಬಾರದೆಂದು ಸಂಗಮೇಶರು ಕೆಲಸ ಮಾಡುತ್ತಿದ್ದ ಜ್ವರ ಚಿಕಿತ್ಸಾ ಕೇಂದ್ರ ನಿಯಮ ಮಾಡಿತ್ತು. ಒಂದು ಪರದೆ ನೋಡುವವರದು, ಇನ್ನೊಂದು ಪಾಳಿಯ ವೈದ್ಯರದು.

ಪರದೆ ನೋಡಲು ಜನ ಸಾಲದೆ ಬಂದಾಗ ಸಂಗಮೇಶರೇ ಹೆಂಡತಿಯನ್ನು ಸೇರಿಸಿದರು. ಆಮೇಲೆ ಅದನ್ನು ನೆನೆದು ಎಷ್ಟು ಸಲ ತಮ್ಮನ್ನು ತಾವೇ ಬೈದುಕೊಂಡರೋ! ಬಿ.ಕಾಂ. ಓದಿದವಳು, ಅರ್ಧ ತಾಸಿಗೊಮ್ಮೆ ಅಂಕಿ ಬರೆದರಾಯಿತು, ಮನೆಯಲ್ಲಿ ಕೂತು ಬೇಜಾರಾಗುವುದು ತಪ್ಪುತ್ತದೆ ಎಂದುಕೊಂಡಿದ್ದರು. ಮಹಾನಂದಾ ಗುಳೇದಗುಡ್ಡದಲ್ಲಿ ಕುಪ್ಪಸದ ಖಣ ನೇಯುವ ಮನೆಯಲ್ಲಿ ಹುಟ್ಟಿದವಳು. ಮದುವೆಯ ತನಕ ಮಗ್ಗದ ಗುಂಡಿಯಲ್ಲಿ ಕಾಲಿಟ್ಟುಕೊಂಡು ಬೆಳೆದವಳು. ಎರಡನೆಯ ವಾರವೇ ಪರದೆಗೆ ಬೆರಳಿಟ್ಟಳು.

“ರೀ, ಈ ಬಿಳಿ ಎಳಿ ಹಿಂದ ಬೀಳಾಕತ್ತೈತಿ.”

“ಎಷ್ಟು ಮ್ಯಾಲ ಹೋಗೇತಿ ನೋಡು. ಎತ್ತರ ಮುಖ್ಯ. ಗೆರಿ ದಾಟಿಲ್ಲಲ್ಲ?”

“ಎತ್ತರದ ಮಾತಲ್ರೀ. ಹಳದಿ ಎದ್ದ ಮ್ಯಾಲ ಬಿಳಿ ಎದ್ದು ಬರಾಕ ಮುಂಜಾನೆ ಅರ್ಧ ತಾಸು ಹಿಡೀತಿತ್ತು. ಈಗ ಮುಕ್ಕಾಲು ತಾಸು ಹಿಡಿಯಾಕತ್ತೈತಿ. ಲಾಳಿ ತಡಾ ಆದ್ರ ಅರಿವಿ ಹರಿಯೂಕಿಂತ ಮೊದಲ ಕಾಲಿಗೆ ಗೊತ್ತಾಕ್ಕೈತಿ.”

ಅವರು ನಕ್ಕುಬಿಟ್ಟರು. ಎರಡು ತಾಸಿಗೆ ಆ ರೋಗಿಯ ಗಂಟೆ ಹೊಡೆಯಿತು, ಸಂಜೆಗೆ ಆತ ಹೋದ. ಮುಂದಿನ ತಿಂಗಳಲ್ಲಿ ಮಹಾನಂದಾ ಹನ್ನೆರಡು ಸಲ ಹೇಳಿದಳು, ಹನ್ನೊಂದು ಸಲ ಸರಿಯಾಯಿತು. ಆ ಹನ್ನೊಂದು ಸಲವೂ ಅವಳು ಗಂಟೆಗಿಂತ ಮೊದಲು. ಕೆಲವೊಮ್ಮೆ ಹತ್ತು ನಿಮಿಷ, ಕೆಲವೊಮ್ಮೆ ಪೂರ್ತಿ ಒಂದು ತಾಸು. ಅವಳ ಮಾತಿಗೆ ವೈದ್ಯರು ಮದ್ದು ಕೊಡತೊಡಗಿದ ಮೇಲೆ ವಾರ್ಡಿನಲ್ಲಿ ಸಾವು ಅರ್ಧಕ್ಕಿಳಿಯಿತು.

ಸಂಗಮೇಶರಿಗೆ ಒಂದೇ ನಿಮಿಷದಲ್ಲಿ ಕಾರಣ ಹೊಳೆದಿತ್ತು. ತಮ್ಮ ಯಂತ್ರ ಎಳೆಯ ಎತ್ತರವನ್ನು ಅಳೆಯುತ್ತದೆ, ಇವಳು ಎರಡು ಎಳೆಗಳ ನಡುವಿನ ಹೊತ್ತನ್ನು ಅಳೆಯುತ್ತಾಳೆ. ಅದನ್ನೇ ಯಂತ್ರಕ್ಕೆ ಕಲಿಸಲು ಒಂದು ವಾರದ ಕೆಲಸ. ಅವರು ಕಲಿಸಲಿಲ್ಲ. ಕೇಳಿದವರಿಗೆ, “ಹನ್ನೆರಡು ಪ್ರಕರಣ ಏನೂ ಅಲ್ರಿ, ಇನ್ನೂ ಇನ್ನೂರು ನೋಡಬೇಕು” ಎಂದು ವಿಜ್ಞಾನಿಯ ಗತ್ತಿನಲ್ಲಿ ಹೇಳಿದರು. ನಿಜವೇನೆಂದರೆ, ಕೇಂದ್ರದ ನಿರ್ದೇಶಕಿ ಪದ್ಮಜಾ ದೇಸಾಯಿಯವರು ಆಗಲೇ ಅದಕ್ಕೆ ‘ಮಹಾನಂದಾ ಅಂತರ’ ಎಂದು ಹೆಸರಿಟ್ಟುಬಿಟ್ಟಿದ್ದರು. ಹದಿನಾಲ್ಕು ವರ್ಷದ ಯಂತ್ರಕ್ಕೆ ತಮ್ಮ ಹೆಸರಿಲ್ಲ. ಅದರೊಳಗಿನ ಒಂದು ಸಂದಿಗೆ ಹೆಂಡತಿಯ ಹೆಸರು!

ಟಿ.ವಿ.ಯವರು ಮನೆಗೇ ಬಂದರು. ಮಹಾನಂದಾಳನ್ನು ಸೋಫಾದ ಮೇಲೆ ಕೂರಿಸಿ, ಪಕ್ಕದಲ್ಲಿದ್ದ ಸಂಗಮೇಶರಿಗೆ, “ಸರ್, ನೀವು ಚೂರು ಆ ಕಡೆ ಸರೀರಿ, ಫ್ರೇಮಿನ್ಯಾಗ ಬರಾಕತ್ತೀರಿ” ಎಂದರು. ಸರಿದರು. ಇನ್ನೂ ಚೂರು ಎಂದರು. ಸರಿದು ಸರಿದು ಅಡುಗೆಮನೆಯ ಬಾಗಿಲಿಗೆ ಬಂದು ನಿಂತ ಮೇಲೆ ವರದಿಗಾರ ಹುಡುಗಿ ಮೈಕು ಹಿಡಿದು, “ಮೇಡಂ ಅವರಿಗೆ ನೀವು ಮನ್ಯಾಗ ಸಹಾಯ ಮಾಡ್ತೀರೇನ್ರಿ ಸರ್?” ಎಂದು ಕೇಳಿದಳು. ಮರುದಿನ ಪೇಪರಿನ ಸುದ್ದಿಯನ್ನು ಅವರು ನಾಲ್ಕು ಸಲ ಓದಿದರು. ಅವರ ಹೆಸರು ಒಂಬತ್ತನೆಯ ಸಾಲಿನಲ್ಲಿತ್ತು, ಅದೂ ‘ಪತಿ’ಯ ಮುಂದೆ.

ಅಂದು ಊಟಕ್ಕೆ ಕೂತಾಗ ರೊಟ್ಟಿ ದಪ್ಪವಾಗಿದೆ ಎಂದರು. ಮಹಾನಂದಾ ಇನ್ನೊಂದು ತೆಳ್ಳಗೆ ಬಡಿದು ಹಾಕಿದಳು. ಅದು ಕರಕಲಾಗಿದೆ ಎಂದರು. ಅವಳು ರೊಟ್ಟಿಯ ಬುಟ್ಟಿಯನ್ನೇ ತಂದು ಮುಂದಿಟ್ಟಳು.

“ನಿಮಗ ಯಾವ್ದು ಬೇಕು ಆರಿಸ್ಕೋರಿ. ರೊಟ್ಟಿ ಮ್ಯಾಲ ಯಾಕ ಸಿಟ್ಟು ತೋರಸ್ತೀರಿ?”

“ನನಗ್ಯಾಕ ಸಿಟ್ಟು? ಊರೆಲ್ಲ ನಿನ್ನ ಹೊಗಳೂವಾಗ ನನಗ ಹೆಮ್ಮಿ ಆಗಬೇಕಲ್ಲ?”

“ಆಗಬೇಕು,” ಎಂದಳು ಮಹಾನಂದಾ. “ಆಗೇತೇನು?”

ಅವರು ಕಡಲೆಹಿಟ್ಟಿನ ಜುಣಕದ ಬಟ್ಟಲಿಗೆ ಕೈಹಾಕಿದರು. ಹೆಮ್ಮೆ ಆಗಿರಲಿಲ್ಲ. ಅವಳು ಕೆಟ್ಟವಳಾಗಿದ್ದರೆ ಚೆನ್ನಾಗಿತ್ತು, ಜಂಬ ಮಾಡಿದ್ದರೆ ಇನ್ನೂ ಚೆನ್ನಾಗಿತ್ತು. ಅವಳೋ, ಕೇಳಿದವರಿಗೆಲ್ಲ “ಯಂತ್ರ ನಮ್ಮ ಮನಿಯವರದು” ಎಂದೇ ಹೇಳುತ್ತಿದ್ದಳು. ಅದೇ ಅವರಿಗೆ ಹೆಚ್ಚು ಚುಚ್ಚುತ್ತಿತ್ತು. ದಾನ ಕೊಟ್ಟಂತೆ ಕೇಳಿಸುತ್ತಿತ್ತು.

ಶ್ರಾವಣದ ಒಂದು ಬುಧವಾರ ಆರನೆಯ ಹಾಸಿಗೆಗೆ ಯಮನವ್ವ ಬಳಿಗಾರ ಬಂದಳು. ಕೆರೂರಿನವಳು, ಮೂವತ್ತನಾಲ್ಕು ವಯಸ್ಸು, ಸಂತೆಯಿಂದ ಸಂತೆಗೆ ಹೋಗಿ ಬಳೆ ತೊಡಿಸುವವಳು. ಜ್ವರ ಮೈ ಸುಡುತ್ತಿದ್ದರೂ, ನಾಡಿ ನೋಡಲು ಬಂದ ಡಾ. ಅಫ್ರೀನ್ ನದಾಫಳ ಕೈಯನ್ನೇ ಹಿಡಿದು ಒತ್ತಿ ನೋಡಿ, “ಎಲುಬು ಮೆತ್ತಗದಾವ ಬಾಯಾರ, ಸಣ್ಣ ಅಳತಿ ಬಳಿ ಆದ್ರೂ ಒಂದೂ ಒಡೀದಂಗ ಏರಸ್ತೀನಿ” ಎಂದಳಂತೆ. ವಾರ್ಡಿನವರೆಲ್ಲ ನಕ್ಕರು. ಅಫ್ರೀನ್ ಈ ಮಾತನ್ನು ನಿಯಂತ್ರಣ ಕೋಣೆಗೆ ಬಂದು ಹೇಳಿದಾಗ ಮಹಾನಂದಾಳೂ ನಕ್ಕಳು, ಸಂಗಮೇಶರೂ ನಕ್ಕರು.

ಐದನೆಯ ದಿನ, ಭಾನುವಾರ ಮಧ್ಯಾಹ್ನ. ಪಾಳಿ ಗಂಡ ಹೆಂಡತಿ ಇಬ್ಬರದೇ: ಪರದೆಗೆ ಮಹಾನಂದಾ, ವೈದ್ಯರಾಗಿ ಸಂಗಮೇಶರು. ಎರಡು ಗಂಟೆಗೆ ಬಿಳಿ ಎಳೆ ನಲವತ್ತು ನಿಮಿಷ ಹಿಂದಿತ್ತು. ಮೂರು ಗಂಟೆಯ ಹೊತ್ತಿಗೆ ಐವತ್ತು. ಮೂರು ಹತ್ತಕ್ಕೆ ಮಹಾನಂದಾ ತನ್ನ ಹೆಬ್ಬೆಟ್ಟೊತ್ತಿದಳು. ಸಂಗಮೇಶರ ಕಡೆಯ ಮೇಜಿನ ಮೇಲೆ ಹಸಿರು ದೀಪ ಹತ್ತಿತು.

ಸಂಗಮೇಶರೂ ಪರದೆಯನ್ನೇ ನೋಡುತ್ತಿದ್ದರು. ಅವರಿಗೆ ಕಂಡಿತ್ತು. ಇದನ್ನು ಒತ್ತಿ ಹೇಳಬೇಕು, ಯಾಕೆಂದರೆ ಆಮೇಲೆ ಅವರು ಕಂಡಿರಲಿಲ್ಲವೆಂದು ತಮ್ಮನ್ನೇ ನಂಬಿಸಿಕೊಳ್ಳಲು ಎಷ್ಟೋ ದಿನ ಹೆಣಗಿದರು. ಹಳದಿ ಎಳೆ ಎದ್ದು ಬಿಳಿಗಾಗಿ ಕಾಯುತ್ತಿದ್ದದ್ದು, ಬಿಳಿ ಬಾರದೆ ಇದ್ದದ್ದು, ಅಷ್ಟರಲ್ಲಿ ಕೆಂಪು ತಲೆಯೆತ್ತಿದ್ದು, ಎಲ್ಲವೂ ಅವರಿಗೆ ಹೆಂಡತಿಯಷ್ಟೇ ಚೆನ್ನಾಗಿ ಕಂಡಿತ್ತು.

“ರೀ, ಒತ್ರಿ.”

“ಗೆರಿ ದಾಟಿಲ್ಲ. ಹೋದ ತಿಂಗಳ ಬ್ಯಾರೆ ಪಾಳಿಯವರು ಅವಸರಾ ಮಾಡಿ ಮದ್ದು ಕೊಟ್ಟು ಕ್ರಿಮಿ ಕೈಗೆ ರೋಗೀನ ಒಪ್ಪಿಸಿದ್ರು. ಮರತಿಯೇನು?”

“ಆ ರೋಗಿದು ಅಂತರಾ ಸರಿ ಇತ್ತಂತ ನೀವ ಹೇಳಿದ್ರಿ. ಈಕಿದು ಐವತ್ತು ದಾಟೇತಿ.”

“ಗಂಟಿ ಹೊಡೀಲಿ.”

ಅಷ್ಟೇ ಅವರಿಗೆ ಬೇಕಿದ್ದದ್ದು. ಒಂದೇ ಒಂದು ಸಲ, ದಾಖಲೆಯಲ್ಲಿ ಗಂಟೆ ಮೊದಲು ಬರಲಿ, ಹೆಬ್ಬೆಟ್ಟು ಆಮೇಲೆ ಬರಲಿ. ರೋಗಿಯನ್ನು ಯಂತ್ರ ಉಳಿಸಿತು ಎಂದಾಗಲಿ. ಇನ್ನೇನು ಹೊಡೆಯುತ್ತದೆ, ಐದು ನಿಮಿಷಕ್ಕೆ ಏನಾಗುತ್ತದೆ? ಐದು ನಿಮಿಷ ಹತ್ತಾಯಿತು. ಮಹಾನಂದಾ ಎದ್ದು ನಿಂತಳು. ಎರಡನೆಯ ಹೆಬ್ಬೆಟ್ಟು ವೈದ್ಯರದೇ ಆಗಬೇಕು, ಇನ್ನೊಬ್ಬ ವೈದ್ಯೆ ಅಫ್ರೀನ್ ಎರಡನೆಯ ಮಹಡಿಯಲ್ಲಿ ಇನ್ನೊಬ್ಬರ ಗಂಟಲಿಗೆ ಕೊಳವೆ ಹಾಕುತ್ತಿದ್ದಾಳೆ, ಫೋನು ಎತ್ತುತ್ತಿಲ್ಲ. “ನಿಮ್ಮ ಕೈ ಮುಗಿತೀನ್ರಿ” ಎಂದಳು ಮಹಾನಂದಾ. ಅವಳು ಬೇಡಿಕೊಂಡದ್ದು ಕೇಳಿ ಸಂಗಮೇಶರಿಗೆ ಒಳಗೊಳಗೇ ಒಂದು ಹಿತ ಅನ್ನಿಸಿತು. ಆ ಹಿತದಲ್ಲೇ ಇನ್ನಷ್ಟು ನಿಮಿಷ ಕಳೆದವು.

ಮೂರು ಮೂವತ್ತಾರಕ್ಕೆ ಗಂಟೆ ಹೊಡೆಯಿತು. ಅದಾದ ನಾಲ್ಕನೆಯ ಸೆಕೆಂಡಿಗೆ ಅವರು ಹೆಬ್ಬೆಟ್ಟೊತ್ತಿದರು.

ಯಮನವ್ವ ಬದುಕಿದಳು. ಎರಡು ದಿನ ಉಸಿರಾಟದ ಯಂತ್ರದಲ್ಲಿದ್ದಳು, ಮೂರನೆಯ ದಿನ ಕಣ್ಣು ಬಿಟ್ಟಳು. ಆದರೆ ಆ ಇಪ್ಪತ್ತಾರು ನಿಮಿಷದಲ್ಲಿ ಅವಳ ಬೆರಳುಗಳ ಸಣ್ಣ ನಾಳಗಳಲ್ಲಿ ಕಟ್ಟಿದ್ದ ರಕ್ತ ಕರಗಲಿಲ್ಲ. ತುದಿ ಮೊದಲು ನೀಲಿಯಾಯಿತು, ಆಮೇಲೆ ಇದ್ದಿಲಿನಂತೆ ಕಪ್ಪಾಯಿತು. ಎರಡನೆಯ ವಾರ ಬಲಗೈಯ ನಾಲ್ಕು, ಎಡಗೈಯ ಎರಡು ಬೆರಳನ್ನು ಬುಡಕ್ಕೆ ತೆಗೆಯಬೇಕಾಯಿತು. ಅಫ್ರೀನ್ ಶಸ್ತ್ರಚಿಕಿತ್ಸೆಯ ಒಪ್ಪಿಗೆ ಕಾಗದಕ್ಕೆ ಸಹಿ ಮಾಡಿಸಿಕೊಂಡು ಬಂದವಳು ನಿಯಂತ್ರಣ ಕೋಣೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಅತ್ತಳು.

ಮನೆಯಲ್ಲಿ ಮಹಾನಂದಾ ಜಗಳವಾಡಲಿಲ್ಲ. ರೊಟ್ಟಿ ಬಡಿದಳು, ಪಲ್ಯ ಮಾಡಿದಳು, ಕರೆದು ಬಡಿಸಿದಳು. ನಾಲ್ಕನೆಯ ದಿನ ತಟ್ಟೆ ತೊಳೆಯುತ್ತ ತಿರುಗದೆಯೇ ಕೇಳಿದಳು.

“ನಿಮಗ ಕಂಡಿತ್ತಲ್ಲ?”

“ಏನು?”

“ಹೋಗ್ಲಿ ಬಿಡ್ರಿ.”

ಕೇಂದ್ರದ ವಿಮರ್ಶೆ ಸಭೆ ತಿಂಗಳ ಕೊನೆಗೆ ನಡೆಯಿತು. ಸಂಗಮೇಶರು ಬೈಸಿಕೊಳ್ಳಲು ಸಿದ್ಧರಾಗಿ ಹೋಗಿದ್ದರು. ಅಲ್ಲಿ ಆದದ್ದೇ ಬೇರೆ. ನಿರ್ದೇಶಕಿ ದಾಖಲೆ ಓದಿದರು. ಗೆರೆ ದಾಟಿದ್ದು ಮೂರು ಮೂವತ್ತಾರು, ವೈದ್ಯರು ಒತ್ತಿದ್ದು ನಾಲ್ಕೇ ಸೆಕೆಂಡಿಗೆ, ರೋಗಿ ಉಳಿದಿದ್ದಾಳೆ, ನಿಯಮ ಎಲ್ಲೂ ತಪ್ಪಿಲ್ಲ. ಪರದೆ ನೋಡುವವರು ಮೊದಲೇ ಒತ್ತಿದ್ದಾರೆ, ನಿಜ. ಆದರೆ ಅವರನ್ನು ಚೆನ್ನಾಗಿ ಬಲ್ಲ ವೈದ್ಯರೇ ಆ ಸೂಚನೆಯನ್ನು ಒಪ್ಪಿಲ್ಲವೆಂದ ಮೇಲೆ ಅದರ ಮೇಲೆ ಎಷ್ಟು ಭರವಸೆ ಇಡಬಹುದು? ಮುಂದಿನ ತಿಂಗಳು ಇನ್ನೂ ನಾಲ್ಕು ಜಿಲ್ಲೆಗಳಲ್ಲಿ ಉರಿಗನ್ನಡಿ ಶುರುವಾಗುತ್ತದೆ. ಅಲ್ಲಿ, ಇಲ್ಲಿ, ಎಲ್ಲ ಕಡೆ ಗಂಟೆಯೊಂದೇ ಸಾಕು. ಪರದೆ ನೋಡುವ ಹುದ್ದೆ ಬೇಡ. ಯಂತ್ರಕ್ಕೆ ಇನ್ನು ಮೇಲೆ ‘ಯಾದವಾಡ ಕನ್ನಡಿ’ ಎಂದು ಹೆಸರಿಡೋಣ.

ಎಲ್ಲರೂ ಚಪ್ಪಾಳೆ ತಟ್ಟಿದರು. ಮಹಾನಂದಾಳೂ ತಟ್ಟಿದಳು.

ಬೇಕೆಂದು ಒಳಗೊಳಗೇ ಹಂಬಲಿಸಿದ್ದೆಲ್ಲ ಒಂದೇ ಏಟಿಗೆ ಮಡಿಲಿಗೆ ಬಿದ್ದಿತ್ತು. ಹೆಸರು ಬಂತು, ಹೆಂಡತಿ ಹುದ್ದೆ ಕಳೆದುಕೊಂಡು ಮನೆ ಸೇರಿದಳು. ಸಂಗಮೇಶರಿಗೆ ಎರಡು ದಿನ ಊಟ ಸೇರಲಿಲ್ಲ. ನಾಲ್ಕು ಜಿಲ್ಲೆ ಎಂದರೆ ವರ್ಷಕ್ಕೆ ಸಾವಿರದ ಮೇಲೆ ರೋಗಿಗಳು. ಪ್ರತಿಯೊಬ್ಬರಿಗೂ ಗಂಟೆ ತಡವಾಗಿಯೇ ಹೊಡೆಯುತ್ತದೆ. ಒಬ್ಬೊಬ್ಬರ ಶ್ವಾಸಕೋಶ, ಕಿಡ್ನಿ, ಕಣ್ಣು, ಬೆರಳು. ಅದು ಖಚಿತವಾಗಿ ಗೊತ್ತಿರುವವರು ಲೋಕದಲ್ಲಿ ಇಬ್ಬರು. ಒಬ್ಬಳ ಮಾತನ್ನು ಇನ್ನು ಯಾರೂ ಕೇಳುವುದಿಲ್ಲ. ಹಾಗಾಗುವಂತೆ ಮಾಡಿದವನು ಇನ್ನೊಬ್ಬ.

ಮೂರನೆಯ ದಿನ ಕೂತು ಪತ್ರ ಬರೆದರು. ಮೂರು ಹತ್ತಕ್ಕೆ ನನಗೂ ಅಂತರ ಕಂಡಿತ್ತು, ಬೇಕೆಂದೇ ಒತ್ತಲಿಲ್ಲ, ಯಂತ್ರಕ್ಕೆ ಅಂತರ ಕಲಿಸುವ ತನಕ ಯಾವ ಜಿಲ್ಲೆಗೂ ಕೊಡಬೇಡಿ, ಪರದೆ ನೋಡುವವರನ್ನು ತೆಗೆಯಬೇಡಿ. ಹೆಂಡತಿಗೆ ತೋರಿಸಿದರು. ಅವಳು ನಿಂತೇ ಓದಿದಳು.

“ಯಾಕ ಒತ್ತಲಿಲ್ಲ ಅಂತ ಬರದಿಲ್ಲಲ್ರೀ?”

“ಅದೂ ಬರೀಬೇಕೇನು?”

“ನನಗ ಗೊತ್ತೈತಿ. ಅವರಿಗೆ ಹೆಂಗ ಗೊತ್ತಾಗಬೇಕು?”

ಅವರು ಬರೆದರು. ಆ ಒಂದು ಪದ ಬರೆಯಲು ಹದಿನಾಲ್ಕು ವರ್ಷದ ಯಂತ್ರಕ್ಕಿಂತ ಹೆಚ್ಚು ಶ್ರಮವಾಯಿತು ಎಂದರೆ ಉತ್ಪ್ರೇಕ್ಷೆಯಲ್ಲ.

ಆ ಕೇಂದ್ರದಲ್ಲೊಂದು ರೂಢಿಯಿತ್ತು. ಯಾರದೇ ತಪ್ಪಿರಲಿ, ಅದನ್ನು ಮೊದಲು ರೋಗಿಯ ಮುಂದೆ ಕೂತು, ಅವರಿಗೆ ತಿಳಿಯುವ ಮಾತಿನಲ್ಲೇ ಹೇಳಬೇಕು. ಕಾಗದ ಆಮೇಲೆ. ಪತ್ರ ತಂದ ಸಂಗಮೇಶರನ್ನು ಅಫ್ರೀನ್ ನಿರ್ದೇಶಕಿಯ ಕೋಣೆಗೆ ಬಿಡಲಿಲ್ಲ.

“ಮೊದಲು ಆರನೇ ಹಾಸಿಗಿಗೆ ನಡೀರಿ ಸರ್. ಇವತ್ತ ಆಕೀನ ಮನಿಗೆ ಕಳಸಾಕತ್ತೀವಿ.”

“ಮಹಾನಂದಾನೂ ಬರ್ಲಿ.”

“ಅಕ್ಕಾರನ್ನ ಕೇಳ್ದೆ. ಬರಂಗಿಲ್ಲ ಅಂದ್ರು. ಅವರೊಬ್ರ ಹೇಳಬೇಕಾದ್ದು ಅಂದ್ರು.”

ಯಮನವ್ವ ಹಾಸಿಗೆಯ ಅಂಚಿನಲ್ಲಿ ಕೂತಿದ್ದಳು. ಎರಡೂ ಕೈಗೆ ಬಿಳಿ ಪಟ್ಟಿ. ಅವಳ ಅಣ್ಣ ಗಾಡಿ ತರಲು ಹೋಗಿದ್ದ. ಸಂಗಮೇಶರನ್ನು ಕಂಡು ಏಳಲು ಹೋದಳು.

“ಕುಂದರ್ರಿ ಸಾಹೇಬ್ರ. ನೀವ ಗುಂಡಿ ಒತ್ತಿ ಜೀವ ಉಳಿಸಿದ್ರಂತ. ಇವರು ಹೇಳಿದ್ರು. ಎರಡು ಹೆಣ್ಣು ಮಕ್ಕಳದಾವ್ರಿ ನನಗ. ಅವು ತಬ್ಬಲಿ ಆಗೂದು ತಪ್ತು.”

ಸಂಗಮೇಶರು ಸ್ಟೂಲಿನ ಮೇಲೆ ಕೂತರು. ಹೇಳಿದರು. ಬಿಳಿ ಎಳೆಯ ಮಾತು ಹೇಳಿದರು, ಹಳದಿಯ ಮಾತು ಹೇಳಿದರು, ಮೂರು ಹತ್ತು, ಮೂರು ಮೂವತ್ತಾರು, ಎಲ್ಲ ಹೇಳಿದರು. ಮೊದಲೇ ಒತ್ತಿದ್ದರೆ ಬೆರಳು ಉಳಿಯುತ್ತಿದ್ದವು ಎಂದರು. ಅಫ್ರೀನ್ ಹಿಂದೆ ನಿಂತಿದ್ದಳು, ನೆರವಿಗೆ ಬರಲಿಲ್ಲ.

ಯಮನವ್ವ ಮಧ್ಯೆ ಬಾಯಿ ಹಾಕದೆ ಕೇಳಿದಳು. ಸಂತೆಯಲ್ಲಿ ಗಿರಾಕಿಯ ಮಾತು ಕೇಳಿ ಕೇಳಿ ಅವಳಿಗೆ ಅದು ರೂಢಿ.

“ಅಂದ್ರ ನಿಮಗ ಕಂಡಿತ್ತು.”

“ಕಂಡಿತ್ತು.”

“ಮತ್ಯಾಕ ಒತ್ತಲಿಲ್ರಿ?”

“ಹೊಟ್ಟಿಕಿಚ್ಚು, ತಾಯಿ.”

ಅವಳಿಗೆ ಅರ್ಥವಾಗಲಿಲ್ಲ. ಹುಬ್ಬು ಗಂಟಿಕ್ಕಿ ಅಫ್ರೀನಳ ಕಡೆ ನೋಡಿದಳು, ಮತ್ತೆ ಇವರ ಕಡೆ ನೋಡಿದಳು. “ನನ್ನ ಮ್ಯಾಲ?”

“ನಿಮ್ಮ ಮ್ಯಾಲಲ್ಲ. ನನ್ನ ಹೆಂಡತಿ ಮ್ಯಾಲ.”

ಯಮನವ್ವ ಪಟ್ಟಿ ಸುತ್ತಿದ ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡು ಅದನ್ನೇ ನೋಡಿದಳು. ಬಯ್ಯುತ್ತಾಳೆ ಎಂದುಕೊಂಡಿದ್ದರು ಸಂಗಮೇಶರು. ಬೈದಿದ್ದರೆ ತಲೆ ತಗ್ಗಿಸಿ ಕೇಳಲು, ಹೊಡೆದರೂ ಹೊಡೆಸಿಕೊಳ್ಳಲು ಸಿದ್ಧರಾಗಿ ಬಂದಿದ್ದರು. ಅವಳ ದನಿಯಲ್ಲಿ ಸಿಟ್ಟೇ ಇರಲಿಲ್ಲ. ಲೆಕ್ಕ ತಿಳಿಯದ ಮಗು ಮಾಸ್ತರರನ್ನು ಕೇಳುವಂತೆ ಕೇಳಿದಳು:

“ಹೆಂಡ್ತಿ ಮ್ಯಾಲ ಹೊಟ್ಟಿಕಿಚ್ಚಿದ್ರ, ನನ್ನ ಬೆರಳು ಯಾಕ ಹೋದುವ್ರಿ?”

ಕ್ರಿಮಿಯ ಮೇಲೆ ಎದ್ದ ಉರಿ ದೇಹದ ಬೆರಳನ್ನೇ ಯಾಕೆ ಸುಡುತ್ತದೆ ಎಂಬುದು ಸಂಗಮೇಶರ ಜೀವಮಾನದ ಪಾಠ. ಇಪ್ಪತ್ತು ವರ್ಷ ವಿದ್ಯಾರ್ಥಿಗಳಿಗೆ ಹಲಗೆಯ ಮೇಲೆ ಚಿತ್ರ ಬರೆದು ತಿಳಿಸಿದ್ದರು. ಅಭ್ಯಾಸಬಲದಿಂದ ಗಾಳಿಯಲ್ಲಿ ಗೆರೆ ಎಳೆಯಲು ಕೈ ಎತ್ತಿದರು, ಅವಳ ಪಟ್ಟಿ ಕಂಡು ಕೆಳಗಿಟ್ಟರು.

“ಹೇಳ್ರಿ ಸಾಹೇಬ್ರ,” ಎಂದಳು ಯಮನವ್ವ. “ಗಾಡಿ ಬರೂತನಕ ನನಗೇನೂ ಅವಸರ ಇಲ್ಲ.”